ಕೊಳೆಯೆಂಬ ಮಾತಿನ ದೇಶಾಟನೆ

ಏಳಿಗೆಗೆ ಇದಿರಾದ ಶಬ್ದಗಳನ್ನು ಅರಸಿ ಹೊರಟವರಿಗೆ ನಮ್ಮ ನಿಘಂಟುಗಳು ಅವನತಿ, ಕ್ಷಯ, ಹ್ರಾಸ, ಅಧಃಪತನವೆಂದು ಸಂಸ್ಕೃತದ ಭಂಡಾರವನ್ನೇ ತೆರೆದಿಡುತ್ತವೆ. ಆದರೆ ಸಿರ್ಸಿ, ಸಿದ್ದಾಪುರ, ಯಲ್ಲಾಪುರಗಳ ಕಣಿವೆಗಳಲ್ಲಿ, ಕೋಲಸಿರ್ಸಿಯ ಸುತ್ತಣ ಸೀಮೆಯ ಅಡಿಕೆದೋಟಗಳಲ್ಲಿ, ಆಷಾಢದ ಮಳೆ ಹಿಡಿದು ಕುಳಿತ ದಿನಗಳಲ್ಲಿ ಆ ಅರ್ಥಭಾರವನ್ನೆಲ್ಲ ಹೊರುವುದು ‘ಕೊಳೆ’ ಎಂಬ ಎರಡಕ್ಷರದ ಅಚ್ಚಗನ್ನಡದ ಮಾತು. ಎಳಗಾಯಿಯ ತೊಟ್ಟಿನ ಬಳಿ ನೀರೂರಿದಂಥ ಕಲೆಯೊಂದು ಮೂಡಿ, ಹಸುರು ಮಾಸಿ, ಕಾಯಿ ಬುಡಕ್ಕೆ ಉದುರಿ, ಬಿದ್ದಲ್ಲಿಯೇ ಬಿಳಿಯ ಬೂಷ್ಟು ಹೊದೆಯುತ್ತದೆ. ಸುಳಿಗೆ ತಗುಲಿತೆಂದರೆ ಮರವೇ ಹೋಯಿತು.

ಈ ಮಾತು ತೋಟದ ಬೇಲಿ ದಾಟಿ ಲ್ಯಾಟಿನ್ ಶಾಸ್ತ್ರಗ್ರಂಥಗಳನ್ನು ಹೊಕ್ಕ ಬಗೆ ವಿಚಿತ್ರವಾದುದು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞ ಎಂ. ಸಿ. ಕುಕ್, ಕಾಫಿಯ ಎಲೆಗಳನ್ನು ಕಪ್ಪಾಗಿಸಿ ಕೊಳೆಯಿಸುವ ಜೀವಿಗೆ ‘ಪೆಲಿಕ್ಯುಲೇರಿಯಾ ಕೊಳೆರೋಗ’ ಎಂದು ಹೆಸರಿಟ್ಟನು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಯ ಕೊಳೆಯನ್ನು ಅಭ್ಯಸಿಸಿ 1910ರಲ್ಲಿ ಪ್ರಕಟಿಸಿದ ಪ್ರಬಂಧದ ಶಿರೋನಾಮೆಯಲ್ಲಿಯೂ ಅದೇ ಪದವನ್ನು ಉಳಿಸಿಕೊಂಡನು. ಈ ಎರಡು ವ್ಯಾಧಿಗಳಿಗೆ ಬಾಂಧವ್ಯವೇ ಇಲ್ಲ: ಕಾಫಿಯದು ನಿಜವಾದ ಶಿಲೀಂಧ್ರ, ಅಡಿಕೆಯದು ಐರ್ಲೆಂಡಿನ ಆಲೂಗಡ್ಡೆಯನ್ನು ನಾಶಗೈದ ಫೈಟಾಫ್ತೊರದ ಕುಲ. ಕೃಷಿಕನು ಕರ್ತೃವನ್ನಲ್ಲ, ಕಾರ್ಯವನ್ನು ಕಂಡು ಹೆಸರಿಟ್ಟವನು. ಪಂಡಿತರು ಅದನ್ನು ಆತುರದಿಂದ ಎರವಲು ತಂದರೆಂದೇ ನನಗೆ ತೋರುತ್ತದೆ.

ಔಷಧದ ಕಥೆಯೂ ಅಷ್ಟೇ ಸ್ವಾರಸ್ಯಕರ. ಮೊದಲು ಹಾಳೆಯ ಕೊಟ್ಟೆಯನ್ನು ಗೊನೆಗೆ ಕಟ್ಟಿ ಮಳೆನೀರನ್ನು ತಡೆಯುವುದೊಂದೇ ಉಪಾಯವಾಗಿತ್ತು. ಅತ್ತ ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ಬಳ್ಳಿಗೆ ಎರಚಿದ್ದ ಮೈಲುತುತ್ತ ಮತ್ತು ಸುಣ್ಣದ ನೀರು ರೋಗವನ್ನೂ ತಡೆದುದನ್ನು ಸಸ್ಯಶಾಸ್ತ್ರಜ್ಞ ಮಿಲ್ಲಾರ್ಡೆ ಗಮನಿಸಿ, 1885ರಲ್ಲಿ ಲೋಕಕ್ಕೆ ಸಾರಿದನು. ಕಳ್ಳರ ಭಯದಿಂದ ಹುಟ್ಟಿದ ಆ ದ್ರಾವಣವನ್ನೇ ಕೋಲ್ಮನ್ ಅಡಿಕೆಯ ಗೊನೆಗೆ ಸಿಂಪಡಿಸಿ ಫಲ ಕಂಡನು. ಸಿದ್ದಾಪುರದ ನೆರೆಯ ಸಾಗರ ಆಗ ಮೈಸೂರಿನದು, ಉತ್ತರ ಕನ್ನಡವಾದರೋ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ಕೊಳೆಗೆ ಮಾತ್ರ ಆ ಗಡಿಯ ಗೊಡವೆ ಇರಲಿಲ್ಲ.

ಇಂದಿಗೂ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಲೆಕ್ಕ. ಮೊದಲನೆಯ ಸಿಂಪಡಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ನಲವತ್ತು ನಲವತ್ತೈದು ದಿನಗಳ ತರುವಾಯ. ಆದರೆ ಆ ಹೊತ್ತಿಗೆ ಮರ ಜಾರುತ್ತಿರುತ್ತದೆ, ಮರವೇರಿ ಸಿಂಪಡಿಸುವ ಕೊನೆಗೌಡ ಇನ್ನೊಬ್ಬರ ತೋಟದಲ್ಲಿರುತ್ತಾನೆ, ಮಳೆಯೋ ಅರ್ಧ ದಿನದ ಬಿಡುವನ್ನೂ ಕೊಡದು.