ಶಂಖ, ಕನ್ನಡಕ, ಬೆಂಕಿ: ‘ಲಾರ್ಡ್ ಆಫ್ ದಿ ಫ್ಲೈಸ್’ನಲ್ಲಿ ಮುಗ್ಧತೆಯ ನಾಶ

ವಿಲಿಯಂ ಗೋಲ್ಡಿಂಗ್ (1911–1993) ಅವರ ‘ಲಾರ್ಡ್ ಆಫ್ ದಿ ಫ್ಲೈಸ್’ 1954ರಲ್ಲಿ ಪ್ರಕಟವಾದ ಕಾದಂಬರಿ. ಯುದ್ಧಕಾಲದಲ್ಲಿ ವಿಮಾನ ಪತನಗೊಂಡು ನಿರ್ಜನ ದ್ವೀಪದಲ್ಲಿ ಉಳಿದ ಇಂಗ್ಲಿಷ್ ಬಾಲಕರು ಇದರ ಪಾತ್ರಗಳು. 1857ರಲ್ಲಿ ಹೊರಬಂದ ಆರ್. ಎಂ. ಬ್ಯಾಲಂಟೈನರ ‘ದಿ ಕೋರಲ್ ಐಲೆಂಡ್’ ಕೃತಿಯಲ್ಲಿಯೂ ಬಾಲಕರು ದ್ವೀಪವೊಂದನ್ನು ಸೇರುತ್ತಾರೆ. ಆದರೆ ಅಲ್ಲಿ ಕೇಡು ಬರುವುದು ಹೊರಗಿನಿಂದ. ಗೋಲ್ಡಿಂಗ್ ರಾಲ್ಫ್, ಜ್ಯಾಕ್ ಎಂಬ ಹೆಸರುಗಳನ್ನು ಅಲ್ಲಿಂದ ಪಡೆದು ಆ ನಂಬಿಕೆಯನ್ನೇ ತಲೆಕೆಳಗು ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಅಧಿಕಾರಿಯಾಗಿಯೂ ಶಾಲಾ ಅಧ್ಯಾಪಕರಾಗಿಯೂ ದುಡಿದಿದ್ದ ಅವರಿಗೆ ಯುದ್ಧವೂ ಬಾಲಕರ ಸ್ವಭಾವವೂ ಪ್ರತ್ಯಕ್ಷವಾಗಿ ಪರಿಚಿತವಾಗಿದ್ದವು.

ಶಂಖವೆಂದರೆ ಪ್ರಜಾಪ್ರಭುತ್ವ, ಕನ್ನಡಕವೆಂದರೆ ವಿವೇಕ, ಹಂದಿಯ ತಲೆಯೆಂದರೆ ಕೇಡು ಎಂದು ಈ ಕೃತಿಯ ಪ್ರತೀಕಗಳನ್ನು ಪಟ್ಟಿಮಾಡುವುದು ವಾಡಿಕೆ. ಈ ಪಟ್ಟಿ ತಪ್ಪಲ್ಲವಾದರೂ ಅಪೂರ್ಣ. ಇಲ್ಲಿನ ಪ್ರತೀಕಗಳಿಗೆ ಸ್ಥಿರವಾದ ಅರ್ಥವಿಲ್ಲ. ಬಾಲಕರು ಬದಲಾದಂತೆ ಅವುಗಳ ಅರ್ಥವೂ ಬದಲಾಗುತ್ತದೆ. ಮುಗ್ಧತೆ ನಶಿಸುವ ಹಂತಗಳನ್ನು ಗುರುತಿಸಲು ಈ ಬದಲಾವಣೆಯೇ ಆಧಾರ.

ಪೂಜಾಗೃಹದ ಶಂಖದಂತೆ ಈ ಶಂಖಕ್ಕೆ ಪೂರ್ವಾರ್ಜಿತವಾದ ಪಾವಿತ್ರ್ಯವಿಲ್ಲ. ಅದನ್ನು ಹಿಡಿದವನಿಗೆ ಮಾತನಾಡುವ ಹಕ್ಕುಂಟೆಂದು ಎಲ್ಲರೂ ಒಪ್ಪಿರುವವರೆಗೆ ಮಾತ್ರ ಅದಕ್ಕೆ ಶಕ್ತಿ. ದಿನಕಳೆದಂತೆ ಅದರ ಬಣ್ಣ ಮಾಸಿ ಬಿಳಿಚಿಕೊಳ್ಳುತ್ತದೆ. ಪಿಗ್ಗಿಯ ಸಾವಿನೊಡನೆ ಅದು ಚೂರಾಗುವ ಹೊತ್ತಿಗೆ ಅದರ ಹಿಂದಿನ ಒಪ್ಪಂದ ಎಂದೋ ಸತ್ತಿರುತ್ತದೆ.

ಪಿಗ್ಗಿಯ ಕನ್ನಡಕ ಬೆಂಕಿ ಹೊತ್ತಿಸುವ ಸಾಧನ. ಸಮೀಪದೃಷ್ಟಿಯ ಕನ್ನಡಕದ ನಿಮ್ನ ಮಸೂರ ಬಿಸಿಲನ್ನು ಕೇಂದ್ರೀಕರಿಸಲಾರದೆಂಬ ವೈಜ್ಞಾನಿಕ ದೋಷವನ್ನು ವಿಮರ್ಶಕರು ಎತ್ತಿತೋರಿಸಿದ್ದಾರೆ. ಆದರೂ ಪ್ರತೀಕವಾಗಿ ಅದು ಸಾರ್ಥಕವಾಗಿದೆ: ನೋಡುವ ಸಾಧನವೇ ಉರಿಸುವ ಸಾಧನವೂ ಆಗುತ್ತದೆ. ರಕ್ಷಣೆಗಾಗಿ ಹೊತ್ತಿಸಿದ ಮೊದಲ ಬೆಂಕಿ ಕೈಮೀರಿ ಕಾಡನ್ನು ಸುಡುತ್ತದೆ. ಮುಖದ ಮೇಲೆ ಮಚ್ಚೆಯಿದ್ದ ಪುಟ್ಟ ಬಾಲಕ ಆ ಬಳಿಕ ಯಾರ ಕಣ್ಣಿಗೂ ಬೀಳುವುದಿಲ್ಲ. ದ್ವೀಪದಲ್ಲಿ ಮೃಗವಿದೆಯೆಂದು ಮೊದಲು ಹೇಳಿದವನು ಅವನೇ. ಮೃಗ ಇನ್ನೂ ಕಲ್ಪನೆಯಾಗಿದ್ದಾಗಲೇ ಬಾಲಕರ ಅಜಾಗರೂಕತೆ ಅವನನ್ನು ಬಲಿ ತೆಗೆದುಕೊಂಡಿತೆಂಬುದು ಗಮನಾರ್ಹ.

ಹಿರಿಯರ ಲೋಕದಿಂದ ಸಂಕೇತವೊಂದು ಬರಲೆಂದು ಬಾಲಕರು ಹಂಬಲಿಸುತ್ತಾರೆ. ಬರುವುದು ಧುಮುಕುಕೊಡೆಗೆ ತಗುಲಿಕೊಂಡ ಸೈನಿಕನ ಶವ. ಅದನ್ನೇ ಅವರು ಮೃಗವೆಂದು ಭ್ರಮಿಸುತ್ತಾರೆ. ಮೃಗಕ್ಕೆ ಕಾಣಿಕೆಯಾಗಿ ನೆಟ್ಟ, ನೊಣ ಮುತ್ತಿದ ಹಂದಿಯ ತಲೆಯೆದುರು ಸೈಮನ್ನನಿಗೆ ಮಾತ್ರ ಸತ್ಯ ಹೊಳೆಯುತ್ತದೆ: ಮೃಗ ಇರುವುದು ಬಾಲಕರೊಳಗೇ. ಕೃತಿಯ ಶೀರ್ಷಿಕೆಯೂ ‘ನೊಣಗಳ ಒಡೆಯ’ ಎಂಬ ಅರ್ಥದ ‘ಬೀಲ್ಜೆಬಬ್’ ಎಂಬ ಹೀಬ್ರೂ ಮೂಲದ ಹೆಸರಿನ ಅನುವಾದವಾಗಿದೆ.

ಪತನ ಒಮ್ಮೆಲೇ ಸಂಭವಿಸುವುದಿಲ್ಲ. ಮೊದಲ ಸಲ ಹಂದಿಮರಿ ಸಿಕ್ಕಾಗ ಜ್ಯಾಕ್‌ನ ಕತ್ತಿ ಗಾಳಿಯಲ್ಲೇ ತಡೆಯುತ್ತದೆ. ಮುಖಕ್ಕೆ ಬಣ್ಣ ಬಳಿದುಕೊಂಡ ಮೇಲೆ ನಾಚಿಕೆಯ ತಡೆಯೂ ಕಳಚುತ್ತದೆ. ರೋಜರ್ ಮೊದಲು ಹೆನ್ರಿಯ ಸುತ್ತ, ತಾಗದಂತೆ, ಕಲ್ಲೆಸೆಯುತ್ತಾನೆ. ಕಡೆಗೆ ಪಿಗ್ಗಿಯ ಮೇಲೆ ಬಂಡೆಯನ್ನೇ ಉರುಳಿಸುತ್ತಾನೆ. ತಡೆಯುತ್ತಿದ್ದುದು ಅವನ ಸ್ವಭಾವವಲ್ಲ, ಹಿಂದಿನ ಸಮಾಜದ ಶಿಕ್ಷಣ ಮತ್ತು ಶಿಕ್ಷೆಯ ನೆನಪು. ಇದಕ್ಕಿಂತಲೂ ಕಠೋರವಾದುದು ಸೈಮನ್ನನ ಕೊಲೆಯ ಪ್ರಸಂಗ. ಸತ್ಯ ತಿಳಿಸಲು ಬಂದವನನ್ನೇ ಮೃಗವೆಂದು ಬಗೆದು ಕೊಂದ ಆ ಕುಣಿತದ ಸುತ್ತಿನಲ್ಲಿ ರಾಲ್ಫ್ ಮತ್ತು ಪಿಗ್ಗಿ ಕೂಡ ಇದ್ದರು. ಮರುದಿನ ಪಿಗ್ಗಿ ಅದನ್ನು ಆಕಸ್ಮಿಕವೆಂದು ಸಮರ್ಥಿಸಿಕೊಳ್ಳುತ್ತಾನೆ. ವಿವೇಕದ ಪ್ರತಿನಿಧಿಯೇ ಕಣ್ಣು ಮುಚ್ಚಿಕೊಂಡಾಗ ಅಪರಾಧ ಕೇವಲ ಜ್ಯಾಕ್‌ನ ಗುಂಪಿನದಾಗಿ ಉಳಿಯುವುದಿಲ್ಲ.

ರಕ್ಷಣೆಗೆಂದು ಕಾಯ್ದ ಬೆಂಕಿ ಹಡಗನ್ನು ತರಲಿಲ್ಲ; ರಾಲ್ಫ್‌ನನ್ನು ಬೇಟೆಯಾಡಲು ಹಚ್ಚಿದ ಬೆಂಕಿ ಅದನ್ನು ತಂದಿತು. ರಕ್ಷಕನಾಗಿ ಬಂದ ಅಧಿಕಾರಿಯೂ ಯುದ್ಧನೌಕೆಯವನು, ಅಂದರೆ ಮತ್ತೊಂದು ಬೇಟೆಯಲ್ಲಿ ನಿರತನಾದವನು. ಬಾಲಕರ ಸ್ಥಿತಿಯನ್ನು ಕಂಡು ಆತ ‘ಕೋರಲ್ ಐಲೆಂಡ್’ ಅನ್ನು ನೆನೆಯುವುದರಲ್ಲಿ ವ್ಯಂಗ್ಯ ಪೂರ್ಣಗೊಳ್ಳುತ್ತದೆ. ರಾಲ್ಫ್ ಅಳುತ್ತಾನೆ. ಆ ಕಣ್ಣೀರು ಬದುಕುಳಿದ ಸಮಾಧಾನದ್ದಷ್ಟೇ ಅಲ್ಲ. ಕಳೆದುಹೋದ ಮುಗ್ಧತೆಗಾಗಿ, ತನ್ನ ಗೆಳೆಯ ಪಿಗ್ಗಿಗಾಗಿ, ಮನುಷ್ಯನ ಅಂತರಂಗದ ಕತ್ತಲೆಗಾಗಿ ಸುರಿದದ್ದು. ಆದರೂ ತಾನು ಕಂಡದ್ದೇನೆಂಬುದನ್ನು ಅರಿತು ಅಳಬಲ್ಲ ಬಾಲಕ ಅಧಿಕಾರಿಗಿಂತ ಪ್ರಬುದ್ಧ. ಮುಗ್ಧತೆಯ ಸ್ಥಾನದಲ್ಲಿ ಈ ಅರಿವನ್ನು ಇರಿಸಿದ್ದರಲ್ಲಿಯೇ ಕಾದಂಬರಿಯ ನೈತಿಕ ಮಹತ್ತ್ವವಿದೆ.