ಅಮೋನಿಯ-ನೀರಿನ ಮಿಶ್ರಣ: ಮಾದರಿಯ ಆಯ್ಕೆ ಮತ್ತು ‘ಆದರ್ಶ’ ಎಂಬ ಪದ

ಕನ್ನಡದ ವಿಜ್ಞಾನ ಪಠ್ಯಗಳಲ್ಲಿ ‘ಆದರ್ಶ ಅನಿಲ’, ‘ಆದರ್ಶ ದ್ರಾವಣ’ ಎಂಬ ಪದಗಳು ರೂಢಿಯಲ್ಲಿವೆ. ಸಾಹಿತ್ಯದ ವಿದ್ಯಾರ್ಥಿಗೆ ಆದರ್ಶವೆಂದರೆ ಅನುಸರಿಸಬೇಕಾದದ್ದು. ಉಷ್ಣಗತಿವಿಜ್ಞಾನದಲ್ಲಾದರೋ ಅದು ಲೆಕ್ಕದ ಸೌಲಭ್ಯಕ್ಕಾಗಿ ಮಾಡಿಕೊಂಡ ಸರಳೀಕರಣ ಮಾತ್ರ. ಈ ಅರ್ಥಭೇದವನ್ನು ಮರೆತರೆ ಲೆಕ್ಕವೂ ತಪ್ಪುತ್ತದೆ ಎಂಬುದನ್ನು ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಒಂದು ನಿದರ್ಶನದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಳೆ ಕಡಿಮೆಯಿರುವ ಈ ತಾಲ್ಲೂಕುಗಳಲ್ಲಿ ಕುರಿ ಸಾಕಣೆಯು ಬೇಸಾಯದೊಡನೆಯೇ ಬೆಳೆದುಬಂದಿದೆ. ಕುರಿರೊಪ್ಪದ ಗೊಬ್ಬರವೇ ಹೊಲಕ್ಕೆ ಸಾರ. ರೊಪ್ಪದಲ್ಲಿ ಮೂಗಿಗಡರುವ ಘಾಟು ಅಮೋನಿಯದ್ದು. ಮೂತ್ರದಲ್ಲಿರುವ ಯೂರಿಯಾ ಒಡೆದು ಅಮೋನಿಯ ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಹೀಗೆ ಗಾಳಿಗೆ ಸೇರಿದ ಸಾರಜನಕವು ಹೊಲದ ಪಾಲಿಗೆ ನಷ್ಟ. ಆ ನಷ್ಟವೆಷ್ಟೆಂದು ಗಣಕದಲ್ಲಿ ಅಂದಾಜಿಸಲು ಸೂಕ್ತ ಮಾದರಿಯೊಂದು ಬೇಕು.

ಅಮೋನಿಯ ಮತ್ತು ನೀರು ಎರಡೂ ಧ್ರುವೀಯ ವಸ್ತುಗಳು. ಅವುಗಳ ಅಣುವಿನ ಒಂದು ತುದಿ ತುಸು ಧನ, ಇನ್ನೊಂದು ತುಸು ಋಣ. ಜಲಜನಕ ಬಂಧದಿಂದ ಅವು ಪರಸ್ಪರ ಹಿಡಿದುಕೊಳ್ಳುತ್ತವೆ. ಆದ್ದರಿಂದಲೇ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವ ಅಮೋನಿಯವು ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ರೌಲ್ಟನ ಆದರ್ಶ ದ್ರಾವಣದ ನಿಯಮವು ಅಣುಗಳ ನಡುವಿನ ಆಕರ್ಷಣೆಗಳೆಲ್ಲ ಸಮಾನವೆಂದು ಭಾವಿಸುತ್ತದೆ. ಅದನ್ನು ಇಲ್ಲಿಗೆ ಅನ್ವಯಿಸಿದರೆ ಹೊರಹೋಗುವ ಅಮೋನಿಯದ ಪ್ರಮಾಣ ವಾಸ್ತವಕ್ಕಿಂತ ಹೆಚ್ಚಾಗಿ ತೋರುತ್ತದೆ.

ಅಮೋನಿಯ ಅಲ್ಪವಾಗಿರುವ ದ್ರಾವಣಕ್ಕೆ 1803ರ ಹೆನ್ರಿಯ ನಿಯಮ ಸಾಕು. ಆದರೆ ಕರಗಿದ ಅಮೋನಿಯದ ಒಂದು ಭಾಗ ಅಮೋನಿಯಂ ಅಯಾನಾಗಿ ಮಾರ್ಪಡುತ್ತದೆ, ಅಯಾನು ಆವಿಯಾಗದು. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಮುಕ್ತ ಅಮೋನಿಯ ಶೇ. 1ಕ್ಕಿಂತ ಕಡಿಮೆ, ಪಿಎಚ್ 9 ಆದಾಗ ಮೂರನೆಯ ಒಂದು ಭಾಗಕ್ಕೂ ಹೆಚ್ಚು. ಆದ್ದರಿಂದ ಹೆನ್ರಿಯ ನಿಯಮದ ಜೊತೆಗೆ ಅಯಾನೀಕರಣದ ಸಮತೋಲನವನ್ನೂ ಲೆಕ್ಕಿಸಬೇಕು. ಬಿಸಿಲೇರಿ ನೆಲ ಒಣಗಿದಂತೆ ಲವಣಗಳು ಸಾಂದ್ರವಾಗುತ್ತವೆ. ಬೆಳಗ್ಗೆ ಒಪ್ಪುತ್ತಿದ್ದ ಸರಳ ಮಾದರಿ ಆಗ ಸಾಲದು. 1982ರಲ್ಲಿ ರೂಪುಗೊಂಡ ವಿದ್ಯುದ್ವಿಭಾಜ್ಯ ಎನ್‌ಆರ್‌ಟಿಎಲ್‌ನಂತಹ ಮಾದರಿ ಬೇಕಾಗುತ್ತದೆ.

ಶೈತ್ಯೀಕರಣ ಯಂತ್ರದಲ್ಲಿ ಇದೇ ಮಿಶ್ರಣದ ಸ್ಥಿತಿ ಬೇರೆ. ಅಲ್ಲಿ ಸಾಂದ್ರತೆಯೂ ಒತ್ತಡವೂ ಹೆಚ್ಚು. ದ್ರವಕ್ಕೆ 1968ರ ಎನ್‌ಆರ್‌ಟಿಎಲ್, ಆವಿಗೆ ಸ್ಥಿತಿ ಸಮೀಕರಣ ಎಂಬ ಜೋಡಿಯನ್ನು ಅಲ್ಲಿ ಬಳಸಬಹುದು. 1976ರ ಪೆಂಗ್-ರಾಬಿನ್ಸನ್ ಸಮೀಕರಣವು ಹೈಡ್ರೊಕಾರ್ಬನ್‌ಗಳಿಗೆ ಚೆನ್ನಾಗಿ ಒಪ್ಪುತ್ತದೆ. ನೀರಿನ ಮಿಶ್ರಣಕ್ಕೆ ಅದರ ಸಾಮಾನ್ಯ ಮಿಶ್ರಣ ಸೂತ್ರಗಳು ಸಾಲವು.

ಒಟ್ಟಿನಲ್ಲಿ ಮಾದರಿಯನ್ನು ಆರಿಸುವ ಮುನ್ನ ಸಾಂದ್ರತೆ, ಒತ್ತಡ, ಅಯಾನುಗಳ ಇರುವಿಕೆ ಈ ಮೂರನ್ನು ಪರಿಶೀಲಿಸಬೇಕು. ಆರಿಸಿದ ಮೇಲೆ ಅಳತೆಯ ದತ್ತಾಂಶದೊಡನೆ ಹೋಲಿಸಬೇಕು. ‘ಆದರ್ಶ’ ಪದವನ್ನು ಕೈಬಿಡಬೇಕಾಗಿಲ್ಲ. ಆದರೆ ಪಠ್ಯದಲ್ಲಿ ಅದು ಮೊದಲು ಬಂದೆಡೆಯೇ ‘ಸರಳವೆಂದು ಕಲ್ಪಿಸಿಕೊಂಡ’ ಎಂಬ ಅರ್ಥವನ್ನು ಸ್ಪಷ್ಟಪಡಿಸುವುದು ಅವಶ್ಯ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅದೇ ಸೀಮೆಯ ಕುರಿಗಾಹಿಯ ಮಗಳು ತನ್ನ ರೊಪ್ಪದ ಘಾಟನ್ನು ಕನ್ನಡದಲ್ಲೇ ಲೆಕ್ಕಿಸಿ ತಿಳಿಯಬೇಕಾದರೆ ಪರಿಭಾಷೆಯ ಈ ಸ್ಪಷ್ಟತೆ ಕನ್ನಡ ವಿಭಾಗಗಳ ಹೊಣೆಯೂ ಹೌದು.