ನೂಲಿನ ಇನ್ನೊಂದು ತುದಿ

ಬರ್ನ್ಲಿಯಲ್ಲಿ ಕಾಲುವೆ ಊರಿನ ಮಾಡುಗಳಿಗೆ ಸಮನಾಗಿ, ಕೆಲವು ಕಡೆ ಅವುಗಳಿಗಿಂತಲೂ ಎತ್ತರದಲ್ಲಿ ಸಾಗುತ್ತದೆ. ನಮ್ಮ ಕೆರೆಯ ಏರಿ ನೀರನ್ನು ಒಂದು ಬದಿಗೆ ತಡೆದು ನಿಲ್ಲಿಸಿದರೆ, ಇಲ್ಲಿಯ ಏರಿ ನೀರನ್ನು ನೆತ್ತಿಯ ಮೇಲೆ ಹೊತ್ತು ನಿಂತಿದೆ. 1,256 ಗಜ ಉದ್ದ. ಕಣಿವೆಯ ತಳದಿಂದ ಸುಮಾರು 60 ಅಡಿ ಎತ್ತರ. 1796ರಿಂದ 1801ರವರೆಗೆ ಮಣ್ಣು ಅಗೆದು, ಹೊತ್ತು, ತುಳಿದು ಕಟ್ಟಿದ ಏರಿ ಇದು. ಮೈಲಿಗೆ ಕಡಿಮೆಯಿದ್ದರೂ ಊರಿನವರಿಗೆ ಇದು 'ಸ್ಟ್ರೇಟ್ ಮೈಲ್'. ಇದರ ಮೇಲೆ ನಿಂತರೆ ಕೆಳಗೆ ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳ ಸಾಲು, ಒಂದು ಪಕ್ಕದಲ್ಲಿ ಟರ್ಫ್ ಮೂರ್ ಫುಟ್‌ಬಾಲ್ ಮೈದಾನ, ಇನ್ನೊಂದು ಪಕ್ಕದಲ್ಲಿ ದೂರಕ್ಕೆ ಪೆಂಡಲ್ ಗುಡ್ಡ. ಉತ್ತರ ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯನ್ನು ಒಂದೇ ನೋಟದಲ್ಲಿ ತೋರಿಸು ಎಂದು ಯಾರಾದರೂ ಕೇಳಿದರೆ ನಾನು ಅವರನ್ನು ಇಲ್ಲಿಗೇ ಕರೆತರುತ್ತೇನೆ.

ಇಷ್ಟು ಶ್ರಮಪಟ್ಟು ನೀರನ್ನು ಮೇಲೆ ಹೊರುವ ಅಗತ್ಯವೇನಿತ್ತು? ಕಾಲುವೆಯನ್ನು ಕಣಿವೆಗೆ ಇಳಿಸಿ ಮತ್ತೆ ಹತ್ತಿಸಬೇಕಾದರೆ ಎರಡೂ ಕಡೆ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸಿ ಇಳಿಸುವ ಲಾಕ್ ಗೇಟುಗಳನ್ನು ಕಟ್ಟಬೇಕು. ಪ್ರತಿ ಗೇಟಿನಲ್ಲೂ ದೋಣಿ ಕಾಯಬೇಕು, ಪ್ರತಿ ಸಲವೂ ನೀರು ಕೆಳಕ್ಕೆ ಹೋಗಿಬಿಡುತ್ತದೆ. ಅದರ ಬದಲು ಎಂಜಿನಿಯರ್ ರಾಬರ್ಟ್ ವಿಟ್‌ವರ್ತ್ ಒಂದೇ ಮಟ್ಟ ಹಿಡಿದು ಕಣಿವೆಯನ್ನು ದಾಟಿಬಿಟ್ಟ. ಹೀಗಾಗಿ ಬರ್ನ್ಲಿಯನ್ನು ಮಧ್ಯದಲ್ಲಿಟ್ಟುಕೊಂಡು ಇಪ್ಪತ್ತು ಮೈಲಿಗೂ ಹೆಚ್ಚು ದೂರ ಒಂದೂ ಲಾಕ್ ಇಲ್ಲ. ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗಿನ ಈ 127 ಮೈಲಿ ಕಾಲುವೆಯ ಕೆಲಸ 1770ರಲ್ಲಿ ಶುರುವಾಗಿ ಮುಗಿದದ್ದು 1816ರಲ್ಲಿ. ಮೊದಲ ದಿನ ಗುದ್ದಲಿ ಹಿಡಿದವನ ಮೊಮ್ಮಗ ಕೊನೆಯ ದಿನ ಕೆಲಸಕ್ಕೆ ಬಂದಿದ್ದರೆ ಆಶ್ಚರ್ಯವಿಲ್ಲ.

ಏರಿ ಮುಗಿದು ಕಾಲುವೆ ಫಿನ್ಸ್ಲಿ ಗೇಟ್ ಹತ್ತಿರ ಪಶ್ಚಿಮಕ್ಕೆ ತಿರುಗುತ್ತದೆ. ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಹಾದಿಯಲ್ಲೇ ನಾವೂ ಹೋಗಬೇಕು. ಮ್ಯಾಂಚೆಸ್ಟರ್ ರೋಡ್ ಸೇತುವೆಯ ಬಳಿ ಹಳೆಯ ಸರಕುಕಟ್ಟೆ ಇದೆ. ದೋಣಿಯಿಂದ ಇಳಿಸಿದ ಮಾಲು ಮಳೆಗೆ ನೆನೆಯದಿರಲೆಂದು ಗೋದಾಮಿನ ಮಾಡನ್ನು ನೀರಿನ ಕಡೆಗೆ ಮುಂಚಾಚಿ ಕಟ್ಟಿದ್ದಾರೆ. ಸುಂಕದ ಮನೆ ಈಗ ಪುಟ್ಟ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿಂದ ಮುಂದಕ್ಕೆ ಎರಡೂ ದಂಡೆಗಳಲ್ಲಿ ಗಿರಣಿಗಳು, ನೂಲಿನ ಗೋದಾಮುಗಳು, ಎಂಜಿನ್ ಮನೆಗಳು, ಚಿಮಣಿಗಳು ಒತ್ತೊತ್ತಾಗಿ ನಿಂತಿವೆ. ಈ ಭಾಗವನ್ನು 'ವೀವರ್ಸ್ ಟ್ರಯಾಂಗಲ್', ಅಂದರೆ ನೇಕಾರರ ತ್ರಿಕೋನ, ಎಂದು ಕರೆಯಲು ಶುರುಮಾಡಿದ್ದು 1970ರ ದಶಕದಲ್ಲಿ. ನೇಯ್ಗೆ ಸಾಯುತ್ತಿದ್ದ ಕಾಲ ಅದು. ಕೆಲವು ಗೋಡೆಗಳನ್ನು ತೊಳೆದಿದ್ದಾರೆ, ಒಳಗಿನ ಮರಳುಗಲ್ಲಿನ ಜೇನುಬಣ್ಣ ಹೊರಬಂದಿದೆ. ಕೆಲವು ಗೋಡೆಗಳ ಮೇಲೆ ನೂರೈವತ್ತು ವರ್ಷದ ಮಸಿ ಇನ್ನೂ ಹಾಗೇ ಇದೆ. ನನಗೆ ತೊಳೆಯದ ಗೋಡೆಗಳೇ ಇಷ್ಟ. ಅವು ಆ ಕಾಲದ ಗಾಳಿ ಹೇಗಿತ್ತೆಂಬುದರ ದಾಖಲೆ.

ಗಿರಣಿಗಳು ಕಾಲುವೆಗೆ ಇಷ್ಟು ಅಂಟಿಕೊಂಡು ಕೂರಲು ಸಾಗಾಟವೊಂದೇ ಕಾರಣವಲ್ಲ. ಕಲ್ಲಿದ್ದಲು ದೋಣಿಯಲ್ಲಿ ಬರುತ್ತಿತ್ತು, ನಿಜ. ಅದರಷ್ಟೇ ಮುಖ್ಯವಾದದ್ದು ತಣ್ಣೀರು. ಹಬೆಯ ಎಂಜಿನ್ನಿನಲ್ಲಿ ಕೆಲಸ ಮುಗಿಸಿದ ಹಬೆಯನ್ನು ತಣಿಸಿ ಮತ್ತೆ ನೀರಾಗಿಸಿದರೆ ಎಂಜಿನ್ನಿಗೆ ಬಲ ಹೆಚ್ಚು, ಕಲ್ಲಿದ್ದಲು ಉಳಿತಾಯ. ಗಿರಣಿಗಳು ಕಾಲುವೆಯಿಂದ ತಣ್ಣೀರು ಎಳೆದುಕೊಂಡು ಬಿಸಿನೀರನ್ನು ವಾಪಸು ಬಿಡುತ್ತಿದ್ದವು. ನೀರಿನ ಮಟ್ಟದಲ್ಲಿ ಗೋಡೆಗಳನ್ನು ಗಮನಿಸಿ ನೋಡಿ, ಆ ಕಂಡಿಗಳ ಗುರುತು ಕೆಲವು ಕಡೆ ಇನ್ನೂ ಸಿಗುತ್ತದೆ. ಸ್ಲೇಟರ್ ಟೆರೇಸ್ ಎಂಬ ಕಟ್ಟಡ ಇನ್ನೂ ವಿಚಿತ್ರ: ಕೆಳಗೆ ಗೋದಾಮು, ಅದರ ತಲೆಯ ಮೇಲೆ ಕೂಲಿಕಾರರ ಮನೆಗಳ ಸಾಲು, ಮನೆಗಳ ಮುಂದೆ ಕಾಲುವೆಯ ಕಡೆಗೆ ಚಾಚಿದ ಮೊಗಸಾಲೆ. ಸರಕೂ ಸಂಸಾರವೂ ಒಂದೇ ಗೋಡೆಯೊಳಗೆ.

1801ರಲ್ಲಿ ಬರ್ನ್ಲಿ ಕೆಲವೇ ಸಾವಿರ ಜನರ ಪೇಟೆ. 1911ರ ಹೊತ್ತಿಗೆ ಜನಸಂಖ್ಯೆ ಲಕ್ಷ ದಾಟಿತ್ತು. ಮಗ್ಗಗಳ ಸಂಖ್ಯೆಯೂ ಹೆಚ್ಚುಕಡಿಮೆ ಒಂದು ಲಕ್ಷ. ತಲೆಗೊಂದು ಮಗ್ಗ! ಜಗತ್ತಿನಲ್ಲಿ ಇಷ್ಟು ಹತ್ತಿಬಟ್ಟೆ ನೇಯುವ ಊರು ಇನ್ನೊಂದಿಲ್ಲ ಎಂದು ಹೆಸರಾಗಿದ್ದ ದಿನಗಳವು.

ಆ ಮಗ್ಗಗಳ ಮುಂದೆ ನಿಂತವರಲ್ಲಿ ಹೆಂಗಸರೇ ಹೆಚ್ಚು. ಒಬ್ಬೊಬ್ಬರಿಗೆ ಸಾಮಾನ್ಯವಾಗಿ ನಾಲ್ಕು ಮಗ್ಗ. ನೇಯ್ಗೆಯ ಶೆಡ್ಡಿನ ಸದ್ದಿಗೆ ಪಕ್ಕದವಳು ಕೂಗಿದ್ದೂ ಕೇಳುವುದಿಲ್ಲ. ಅದಕ್ಕೆಂದೇ ಅವರು ತುಟಿಯ ಚಲನೆಯನ್ನೂ ಮುಖದ ಭಾವವನ್ನೂ ನೋಡಿ ಮಾತಾಡುವ ಒಂದು ಭಾಷೆಯನ್ನೇ ಕಟ್ಟಿಕೊಂಡರು. 'ಮೀ-ಮಾ' ಎಂದು ಅದರ ಹೆಸರು. ಶೆಡ್ಡಿನ ಈ ತುದಿಯಿಂದ ಆ ತುದಿಗೆ ಮನೆಯ ಕಷ್ಟಸುಖಗಳೆಲ್ಲ ಸದ್ದಿಲ್ಲದೆ ದಾಟುತ್ತಿದ್ದವು. ಗಾಳಿ ಒಣಗಿದರೆ ಹಾಸಿನ ಎಳೆ ಕಡಿಯುತ್ತದೆಂದು ಒಳಗೆ ಹಬೆ ಬಿಡುತ್ತಿದ್ದರು. ಆ ಸೆಕೆಯಲ್ಲಿ ದಿನವಿಡೀ ದುಡಿದು ಬೆವರಿದ ಮೈಯಲ್ಲೇ ಹೊರಗಿನ ಚಳಿಗೆ ಇಳಿಯಬೇಕು. ಲಾಳಿಯಲ್ಲಿ ಕಂಡಿಕೆ ಮುಗಿದಾಗ ಹೊಸದನ್ನು ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಉಸಿರಿನಿಂದ ಹೊರಕ್ಕೆಳೆಯಬೇಕಿತ್ತು. ದಿನಕ್ಕೆ ನೂರಾರು ಸಲ. ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಅದೇ ಲಾಳಿ, ಅದರೊಡನೆ ಗಂಜಿಯ ಪುಡಿ, ಎಣ್ಣೆ, ಕಾಯಿಲೆ. ಇದು ಕೆಡುಕೆಂದು ವೈದ್ಯರು ಬಹಳ ಹಿಂದೆಯೇ ಎಚ್ಚರಿಸಿದ್ದರೂ ಪದ್ಧತಿ 1950ರ ದಶಕದವರೆಗೂ ನಡೆಯಿತು. ಮಕ್ಕಳದು ಇನ್ನೊಂದು ಕತೆ. ಅರ್ಧ ದಿನ ಗಿರಣಿ, ಅರ್ಧ ದಿನ ಶಾಲೆ. ಬೆಳಗ್ಗೆ ಮಗ್ಗದ ಬಳಿ ನಿಂತ ಹುಡುಗಿ ಮಧ್ಯಾಹ್ನ ಶಾಲೆಯ ಮಣೆಯ ಮೇಲೆ ತೂಕಡಿಸುತ್ತಿದ್ದಳು. ಅದು ನಿಂತದ್ದು 1918ರ ಶಿಕ್ಷಣ ಕಾಯ್ದೆ ಬಂದ ಮೇಲೆ.

ಆದರೆ ಈ ಹೆಂಗಸರನ್ನು ಪಾಪದವರೆಂದು ಮಾತ್ರ ನೋಡುವುದು ಅವರಿಗೆ ಮಾಡುವ ಅನ್ಯಾಯ. ನೇಯ್ಗೆಯಲ್ಲಿ ಗಜಕ್ಕಿಷ್ಟೆಂದು ಕೂಲಿ. ಗಂಡಸಿಗೂ ಹೆಂಗಸಿಗೂ ದರ ಒಂದೇ. ಇಂಥ ಸಮಾನತೆ ಆ ಕಾಲದ ಇಂಗ್ಲೆಂಡಿನಲ್ಲಿ ಬಲು ಅಪರೂಪ. ಕೈಯಲ್ಲಿ ದುಡ್ಡಿದ್ದ, ಸಂಘದಲ್ಲಿ ಚಂದಾ ಕಟ್ಟಿದ್ದ ಈ ಹೆಂಗಸರು ಮತದ ಹಕ್ಕನ್ನೂ ಕೇಳಿದರು. 1901ರಲ್ಲಿ ಲ್ಯಾಂಕಾಶೈರಿನ 29 ಸಾವಿರಕ್ಕೂ ಹೆಚ್ಚು ಗಿರಣಿ ಹೆಂಗಸರು ಮತದಾನದ ಹಕ್ಕಿಗಾಗಿ ಮನವಿಗೆ ಸಹಿ ಹಾಕಿದರು. ಗಿರಣಿಗಳ ಬಾಗಿಲಲ್ಲಿ ನಿಂತು ಆ ಸಹಿಗಳನ್ನು ಸಂಗ್ರಹಿಸಿದವರಲ್ಲಿ ಸೆಲೀನಾ ಕೂಪರ್ ಒಬ್ಬಳು. ಪಕ್ಕದ ನೆಲ್ಸನ್ ಊರಿನವಳು, ಎಳೆಯ ವಯಸ್ಸಿನಲ್ಲೇ ಗಿರಣಿ ಸೇರಿದವಳು. ಅದೇ ವರ್ಷ ಬರ್ನ್ಲಿಯ ಬಡವರ ಪರಿಹಾರ ಮಂಡಳಿಗೆ ಚುನಾಯಿತಳಾದಳು. ಲಂಡನ್ನಿನ ಸಿರಿವಂತ ಹೋರಾಟಗಾರ್ತಿಯರ ಹೆಸರು ಕೇಳಿದವರು ಈಕೆಯ ಹೆಸರನ್ನೂ ಕೇಳಬೇಕು.

ಇಷ್ಟು ಬಟ್ಟೆಯನ್ನು ಉಡುತ್ತಿದ್ದವರು ಯಾರು? ಕಾಲುವೆಯ ದಂಡೆಯಲ್ಲಿ ನಡೆಯುವ ಭಾರತೀಯರನ್ನು ಈ ಪ್ರಶ್ನೆ ಬಿಡುವುದಿಲ್ಲ. ಬರ್ನ್ಲಿಯಲ್ಲಿ ನೇಯುತ್ತಿದ್ದದ್ದು ಹೆಚ್ಚಾಗಿ ಅಚ್ಚು ಹಾಕಲು ಬೇಕಾದ ಕೋರಾ ಬಟ್ಟೆ. ಇದೇ ಕಾಲುವೆಯಲ್ಲಿ ಪಶ್ಚಿಮಕ್ಕೆ ಸಾಗಿದರೆ ಸಿಗುವ ಬ್ಲ್ಯಾಕ್‌ಬರ್ನ್ ಧೋತರಗಳಿಗೆ ಹೆಸರಾಗಿತ್ತು. 1913ರಲ್ಲಿ ಬ್ರಿಟನ್ ಹೊರದೇಶಗಳಿಗೆ ಕಳಿಸಿದ ಹತ್ತಿಬಟ್ಟೆ ಸುಮಾರು 700 ಕೋಟಿ ಗಜ. ಅದರಲ್ಲಿ ಐದಕ್ಕೆ ಎರಡು ಪಾಲಿಗೂ ಹೆಚ್ಚು ಇಳಿದದ್ದು ಭಾರತದ ಬಂದರುಗಳಲ್ಲಿ. ನಮ್ಮ ನೇಕಾರರ ಓಣಿಗಳಲ್ಲಿ ಮಗ್ಗ ನಿಂತದ್ದಕ್ಕೂ ಇಲ್ಲಿ ಸಾಲುಮನೆಗಳು ಎದ್ದದ್ದಕ್ಕೂ ನಂಟಿದೆ. ಈ ಊರಿನಲ್ಲಿ ನಡೆಯುವಾಗ ಎರಡು ಭಾವನೆಗಳನ್ನೂ ಒಟ್ಟಿಗೆ ಹೊತ್ತುಕೊಳ್ಳಬೇಕಾಗುತ್ತದೆ: ನಮ್ಮವರ ಅನ್ನ ಕಿತ್ತುಕೊಂಡ ವ್ಯವಸ್ಥೆಯ ಮೇಲೆ ಸಿಟ್ಟು, ಅದರೊಳಗೆ ಲಾಳಿಗೆ ಬಾಯಿಟ್ಟು ಬದುಕಿದ ಹೆಂಗಸಿನ ಮೇಲೆ ಗೌರವ. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಲೆಕ್ಕ ತಪ್ಪುತ್ತದೆ.

ಕನ್ನಡದ ನೆಲಕ್ಕೂ ಈ ಸೀಮೆಗೂ ನೇರವಾದ ಎಳೆಯೊಂದಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ದಕ್ಷಿಣದ ಬಂದರುಗಳು ಮುಚ್ಚಿದವು, ಅಲ್ಲಿಯ ಹತ್ತಿ ಲಿವರ್‌ಪೂಲಿಗೆ ಬರುವುದು ನಿಂತಿತು. ಲ್ಯಾಂಕಾಶೈರಿನ ಗಿರಣಿಗಳು ಒಂದೊಂದಾಗಿ ನಿಂತವು. 1862ರ ಚಳಿಗಾಲಕ್ಕೆ ಸುಮಾರು ಐದು ಲಕ್ಷ ಜನ ಪರಿಹಾರದ ಗಂಜಿಗೆ ಕೈಯೊಡ್ಡಿದ್ದರು. ಆಗ ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಸೂರತ್ ಕಡೆಯ ಹತ್ತಿ ಗಿಡ್ಡ ಎಳೆಯದು, ಕಸಕಡ್ಡಿ ಜಾಸ್ತಿ. ಮಗ್ಗದ ಮೇಲೆ ಪಟಪಟನೆ ಕಡಿಯುತ್ತಿತ್ತು, ನೇಕಾರ ಹೆಂಗಸರು ಅದನ್ನು ಶಪಿಸುತ್ತಿದ್ದರು. ಅದಕ್ಕಿಂತ ಮೇಲಾದದ್ದು ಧಾರವಾಡದ ಹತ್ತಿ. 1840ರ ದಶಕದಲ್ಲೇ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ಬೇಸಾಯಗಾರರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ತಳಿಯನ್ನು ದೇಶದ ಹಲವೆಡೆ ಬಿತ್ತಿಸಿ ನೋಡಿತ್ತು. ಅದು ಚೆನ್ನಾಗಿ ಬೇರೂರಿದ್ದು ಹುಬ್ಬಳ್ಳಿ-ಧಾರವಾಡದ ಎರೆಮಣ್ಣಿನಲ್ಲಿ. 'ಧಾರವಾಡ-ಅಮೆರಿಕನ್' ಎಂದೇ ಅದಕ್ಕೆ ಪೇಟೆಯಲ್ಲಿ ಹೆಸರು.

ಬೆಳೆಯೇನೋ ಇತ್ತು, ಹಡಗಿಗೆ ಮುಟ್ಟಿಸುವ ದಾರಿ ಇರಲಿಲ್ಲ. ಧಾರವಾಡದ ಅರಳೆಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೆ ಹಾಕಬೇಕೆಂದು ಲ್ಯಾಂಕಾಶೈರಿನ ಗಿರಣಿ ಮಾಲೀಕರು ಒತ್ತಾಯ ಹೇರಿದರು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆ ಇದ್ದದ್ದು ಈ ಬಂದರಿನ ವಿಚಾರವೇ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅರಳೆ ಒತ್ತುವ ಯಂತ್ರಗಳನ್ನು ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡಕ್ಕೆ ಕಳಿಸಿತು. ಘಟ್ಟದ ರಸ್ತೆ ಮಾತ್ರ ಹೊತ್ತಿಗೆ ಸರಿಯಾಗಿ ಸಿದ್ಧವಾಗಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮತ್ತೆ ಬಂತು, ಹತ್ತಿಯ ಧಾರಣೆ ಕುಸಿಯಿತು. ಧಾರಣೆ ನಂಬಿ ಸಾಲ ಮಾಡಿ ಹತ್ತಿ ಬಿತ್ತಿದ್ದ ರೈತನ ಗೋಳು ಈ ಕಾಲುವೆಯ ದಂಡೆಗೆ ಕೇಳಿಸಲೇ ಇಲ್ಲ. ಕೊನೆಗೆ ಉಳಿದದ್ದು ಬದಲಾದ ಪ್ರಾಂತ್ಯದ ಗಡಿ ಮಾತ್ರ.

ಮುಂದೆ ಕಷ್ಟ ಇಲ್ಲಿಗೂ ಬಂತು. ಮೊದಲ ಮಹಾಯುದ್ಧದ ಬಳಿಕ ಭಾರತದ ಗಿರಣಿಗಳು ಬೆಳೆದವು, ಜಪಾನ್ ಅಗ್ಗದ ಬಟ್ಟೆ ತಂದಿತು, ಅದರ ಮೇಲೆ ವಿದೇಶಿ ಬಟ್ಟೆಯ ಬಹಿಷ್ಕಾರ. 1931ರ ಸೆಪ್ಟೆಂಬರ್ ಕೊನೆಯಲ್ಲಿ ದುಂಡುಮೇಜಿನ ಪರಿಷತ್ತಿಗೆ ಬಂದಿದ್ದ ಗಾಂಧೀಜಿ ಲ್ಯಾಂಕಾಶೈರಿನ ಡಾರ್ವೆನ್‌ಗೆ ರೈಲಿನಲ್ಲಿ ಬಂದಿಳಿದರು. ಬಹಿಷ್ಕಾರದಿಂದ ಯಾರ ಕೆಲಸ ಹೋಗಿತ್ತೋ ಅದೇ ಜನ ಅವರನ್ನು ಸುತ್ತುವರಿದು ಜಯಕಾರ ಹಾಕಿದರು. ಗಿರಣಿಯ ಹುಡುಗಿಯರು ಕೈ ಮೇಲೆತ್ತಿ ನಗುತ್ತಿರುವ, ನಡುವೆ ಬಿಳಿ ಶಾಲು ಹೊದ್ದ ಗಾಂಧೀಜಿ ನಿಂತಿರುವ ಆ ಫೋಟೊ ಲೋಕಪ್ರಸಿದ್ಧ. ನಿಮ್ಮ ಕಷ್ಟ ನನಗೆ ನೋವು ತಂದಿದೆ, ಆದರೆ ನಮ್ಮ ಹಳ್ಳಿಗಳ ಹಸಿವು ಇದಕ್ಕಿಂತ ಬಹಳ ದೊಡ್ಡದು ಎಂಬ ಅರ್ಥದ ಮಾತನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಎರಡು ಬಡತನಗಳು ಎದುರುಬದುರಾಗಿ ನಿಂತು ಒಂದನ್ನೊಂದು ನೋಡಿದ ಗಳಿಗೆ ಅದು. ಅಂಥ ಗಳಿಗೆ ನೂರು ವರ್ಷ ಮೊದಲೇ ಬರಬೇಕಿತ್ತು. ಮರುವರ್ಷ ಬರ್ನ್ಲಿಯಲ್ಲಿ ದೊಡ್ಡ ಮುಷ್ಕರವೇ ನಡೆಯಿತು: ನಾಲ್ಕರ ಬದಲು ಆರು, ಎಂಟು ಮಗ್ಗ ನೋಡಿಕೊಳ್ಳಿ ಎಂದು ಮಾಲೀಕರು ಪಟ್ಟು ಹಿಡಿದಿದ್ದರು.

1960ರ ದಶಕದಲ್ಲಿ ಉಳಿದ ಗಿರಣಿಗಳು ದುಬಾರಿ ಯಂತ್ರ ಹಾಕಿ ಹಗಲೂ ಇರುಳೂ ಓಡಿಸತೊಡಗಿದಾಗ ರಾತ್ರಿಪಾಳಿಗೆ ಊರಿನವರು ಒಪ್ಪಲಿಲ್ಲ. ಪಾಕಿಸ್ತಾನದಿಂದ, ಇಂದಿನ ಬಾಂಗ್ಲಾದೇಶದಿಂದ ಗಂಡಸರು ಬಂದರು. ಏರಿಯ ಆಚೆಗಿನ ಡೇನ್ಸ್‌ಹೌಸ್, ಸ್ಟೋನಿಹೋಮ್ ಬಡಾವಣೆಗಳಲ್ಲಿ ಅವರ ಮೊಮ್ಮಕ್ಕಳಿದ್ದಾರೆ. ಕರೆಸಿದ ಗಿರಣಿಗಳು ಮುಚ್ಚಿದವು, ಬಂದವರು ಉಳಿದರು. 2001ರಲ್ಲಿ ಊರು ಕೆಲವು ರಾತ್ರಿ ಗಲಭೆಯಲ್ಲಿ ಉರಿಯಿತು. ಮೈಬಣ್ಣದ ದ್ವೇಷದ ಜತೆಗೆ ಬಡತನವೂ ಅದಕ್ಕೆ ಕಾರಣವಾಗಿತ್ತು. ಇಂದು ಕಾಲುವೆಯ ಬದಿಯ ವಿಕ್ಟೋರಿಯಾ ಮಿಲ್‌ನಲ್ಲಿ ಯಂತ್ರಗಳಿದ್ದ ಕಡೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಓದುತ್ತಾರೆ.

ನೇಯ್ಗೆಯನ್ನೇ ನೋಡಬೇಕೆಂದರೆ ಊರಿನ ಅಂಚಿನ ಹಾರ್ಲ್ ಸೈಕ್‌ಗೆ ಹೋಗಬೇಕು. ಅಲ್ಲಿಯ ಕ್ವೀನ್ ಸ್ಟ್ರೀಟ್ ಮಿಲ್ 1895ರಲ್ಲಿ ಶುರುವಾದದ್ದು, ಕೆಲಸಗಾರರೇ ಪಾಲು ಹಾಕಿ ಕಟ್ಟಿದ ಕಂಪನಿ. 1982ರವರೆಗೂ ಹಬೆಯಿಂದಲೇ ಓಡಿತು. ಹಬೆಯ ಬಲದಲ್ಲಿ ನೇಯಬಲ್ಲ ಗಿರಣಿ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಎನ್ನುತ್ತಾರೆ. 500 ಅಶ್ವಶಕ್ತಿಯ ಎಂಜಿನ್ನಿನ ಹೆಸರು 'ಪೀಸ್'. 'ದಿ ಕಿಂಗ್ಸ್ ಸ್ಪೀಚ್' ಸಿನಿಮಾದ ಒಂದು ದೃಶ್ಯ ಇಲ್ಲಿ ಚಿತ್ರಿತವಾಗಿದೆ. 2016ರಲ್ಲಿ ಹಣದ ಕೊರತೆಯಿಂದ ಬಾಗಿಲು ಮುಚ್ಚಿತ್ತು, ಆಮೇಲೆ ಸೀಮಿತ ದಿನಗಳಿಗೆಂದು ಮತ್ತೆ ತೆರೆಯಿತು. ಶೆಡ್ಡಿನಲ್ಲಿ ಮುನ್ನೂರರಷ್ಟು ಮಗ್ಗಗಳಿವೆ, ಪ್ರತಿಯೊಂದಕ್ಕೂ ಮಾಡಿನ ಕೆಳಗೆ ಸಾಲುಸಾಲಾಗಿ ತಿರುಗುವ ಉದ್ದನೆಯ ಕಂಬಿಗಳಿಂದ ತೊಗಲಿನ ಪಟ್ಟಿಯಲ್ಲಿ ಬಲ ಇಳಿಯುತ್ತದೆ. ಕೆಲವನ್ನಷ್ಟೇ ಓಡಿಸಿ ತೋರಿಸಿದರೂ ನೆಲ ಅದುರುತ್ತದೆ.

ಮ್ಯಾಂಚೆಸ್ಟರಿನ ವಿಕ್ಟೋರಿಯಾ ನಿಲ್ದಾಣದಿಂದ 2015ರಿಂದೀಚೆಗೆ ಬರ್ನ್ಲಿಗೆ ನೇರ ರೈಲಿದೆ. ಇಳಿಯಬೇಕಾದದ್ದು ಮ್ಯಾಂಚೆಸ್ಟರ್ ರೋಡ್ ನಿಲ್ದಾಣದಲ್ಲಿ. ಅಲ್ಲಿಂದ ಹಳೆಯ ಸರಕುಕಟ್ಟೆಗೆ ಕೆಲವೇ ನಿಮಿಷದ ನಡಿಗೆ. ಸುಂಕದ ಮನೆಯ ವಸ್ತುಸಂಗ್ರಹಾಲಯವನ್ನು ಸ್ವಯಂಸೇವಕರು ನಡೆಸುವುದರಿಂದ ಚಳಿಗಾಲದಲ್ಲಿ ತೆರೆದಿರುವುದಿಲ್ಲ. ಕ್ವೀನ್ ಸ್ಟ್ರೀಟ್ ಮಿಲ್‌ಗೆ ಹೋಗುವುದಾದರೆ ಎಂಜಿನ್ ಓಡಿಸುವ ದಿನ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳಿ, ಮಕ್ಕಳಿದ್ದರೆ ಅವರ ಕಿವಿಗೆ ಹತ್ತಿ ಇಡಲು ಮರೆಯಬೇಡಿ.